ಬಿಷಪ್ ನೀರಿಗಿಳಿದದ್ದು

ಓರ್ನಾ ಸಿನಟ್ ನಮ್ಮೂರಿನ ಹಲ್ಲಿನ ಡಾಕ್ಟರು. ಅವಳ ಪಕ್ಕದಲ್ಲಿ ನಿಂತು, ರೋಗಿಯ ಬಾಯಲ್ಲಿ ತುಂಬಿದ ಎಂಜಲು ಹೀರುವ ನಳಿಗೆ ಹಿಡಿಯುವವಳು ನಾನು, ಬ್ರೀಡಾ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಅದಕ್ಕೂ ಮೊದಲು ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಹಾಗಾಗಿ ಅವಳ ಬಗ್ಗೆ ನಾನು ಏನು ಹೇಳಿದರೂ ಅದರಲ್ಲಿ ಸ್ವಲ್ಪ ಸಲಿಗೆ ಬೆರೆತಿರುತ್ತದೆ.

ಊರವರಿಗೆ ಅವಳನ್ನು ಕಂಡರೆ ಪ್ರೀತಿ, ಆದರೆ ದೂರದಿಂದ. ಅಂಗಡಿಯಲ್ಲಿ ಚಾಕಲೇಟಿನ ಮುಂದೆ ನಿಂತವರು ಅವಳು ಒಳಗೆ ಬಂದರೆ ಮೆಲ್ಲಗೆ ಸೇಬಿನ ಕಡೆ ಸರಿಯುತ್ತಾರೆ. ಮಕ್ಕಳು ಅಮ್ಮನ ಕೋಟಿನೊಳಗೆ ತೂರಿಕೊಳ್ಳುತ್ತವೆ. ಓರ್ನಾ ಇದಕ್ಕೆಲ್ಲ ನಗುತ್ತಾಳೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಬಿಷಪ್ ಇದ್ದಾನೆ.

ಬಿಷಪ್ ಅವಳ ಕುದುರೆ. ಕಂದು ಮೈ, ಉದ್ದ ಮುಖ, ಏನೇ ಮಾಡಿದರೂ ಗಂಭೀರವಾಗಿ ಮಾಡುವ ಸ್ವಭಾವ. ಅವನು ಹುಲ್ಲು ತಿನ್ನುವುದನ್ನು ನೋಡಿದರೂ ಯಾವುದೋ ಪೂಜೆ ನಡೆಯುತ್ತಿದೆ ಎನ್ನಬೇಕು. ನಲವತ್ತೈದು ತುಂಬಿದ ಮೇಲೆ ಓರ್ನಾಗೆ ಈವೆಂಟಿಂಗ್ ಎಂಬ ಕುದುರೆ ಸವಾರಿ ಪಂದ್ಯದ ಹುಚ್ಚು ಹತ್ತಿತ್ತು. ಒಂದೇ ದಿನ ಮೂರು ಪರೀಕ್ಷೆ. ಬೆಳಿಗ್ಗೆ ತೀರ್ಪುಗಾರರ ಮುಂದೆ ಅಂದವಾಗಿ ಹೆಜ್ಜೆ ಹಾಕಬೇಕು, ಆಮೇಲೆ ಬಣ್ಣದ ಕಂಬಗಳನ್ನು ಬೀಳಿಸದೆ ಹಾರಬೇಕು, ಕೊನೆಗೆ ಬಯಲಲ್ಲಿ ಓಡುತ್ತ ದಿಮ್ಮಿ, ಕಂದಕ, ನೀರು ಎಲ್ಲ ದಾಟಿ ಬರಬೇಕು. ಆರು ವರ್ಷದಿಂದ ಅತಿ ಕೆಳಗಿನ ದರ್ಜೆಯಲ್ಲೇ ಇದ್ದರು ಇಬ್ಬರೂ. ಗೆದ್ದದ್ದಿಲ್ಲ. ಆದರೆ ನೀರು ಬಂತೆಂದರೆ ಬಿಷಪ್‌ಗೆ ಸಮ ಇನ್ನೊಬ್ಬನಿರಲಿಲ್ಲ. ಬೇರೆ ಕುದುರೆಗಳು ದಡದಲ್ಲಿ ಕಣ್ಣರಳಿಸಿ ನಿಂತಾಗ ಇವನು ತನ್ನ ಮನೆಯ ಬಚ್ಚಲಿಗೆ ಹೋದ ಹಾಗೆ ಇಳಿದುಬಿಡುತ್ತಿದ್ದ.

ಅವನು ಇರುವುದು ಕೋಲ್ಮನ್ ಕೀಯೋನ ಅಂಗಳದ ಲಾಯದಲ್ಲಿ. ಕೋಲ್ಮನ್‌ಗೆ ಅರವತ್ತಾರು ವರ್ಷ, ಕುರಿ ಸಾಕುತ್ತಾನೆ. ಓರ್ನಾ ಆರು ವರ್ಷದವಳಿದ್ದಾಗ ಅವಳನ್ನು ಮೊದಲು ಕತ್ತೆಯ ಮೇಲೆ ಕೂರಿಸಿದವನು ಅವನೇ. ಈಗಲೂ ಅವಳನ್ನು ಅದೇ ಹುಡುಗಿಯ ಹಾಗೆ ಛೇಡಿಸುತ್ತಾನೆ. ಆದರೆ ‘ಡಾಕ್ಟ್ರಮ್ಮ’ ಎಂದು ಕರೆದು ಛೇಡಿಸುತ್ತಾನೆ, ಅಷ್ಟೇ ವ್ಯತ್ಯಾಸ.

ಆ ವರ್ಷ ಅಕ್ಟೋಬರಿನಲ್ಲಿ ಹಿಡಿದ ಮಳೆ ಫೆಬ್ರವರಿಯವರೆಗೂ ಬಿಡಲಿಲ್ಲ. ಸ್ಲೇನಿ ನದಿ ತನ್ನ ದಂಡೆ ಎಲ್ಲಿತ್ತೆಂಬುದನ್ನೇ ಮರೆತಿತ್ತು. ಕೋಲ್ಮನ್‌ನ ಕೆಳಗಿನ ಗದ್ದೆಯಲ್ಲಿ ಬಾತುಗಳು ಸಂಸಾರ ಹೂಡಿದವು. ಕೆಸರಿನಲ್ಲೇ ನಿಂತು ನಿಂತು ಬಿಷಪ್‌ನ ಗೊರಸಿನ ಮೇಲ್ಭಾಗದಲ್ಲೆಲ್ಲ ಹುಣ್ಣಾಗಿ ಹಕ್ಕಳೆ ಕಟ್ಟಿತು. ಕೆಸರಿನ ಹುಣ್ಣು ಇಲ್ಲಿ ಹೊಸದಲ್ಲ, ಪ್ರತಿ ಚಳಿಗಾಲದಲ್ಲೂ ಒಂದಲ್ಲ ಒಂದು ಲಾಯದಲ್ಲಿ ಇದ್ದದ್ದೇ. ಆದರೆ ಓರ್ನಾ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ದಿನಾ ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕಿದವಳೇ ಬಕೆಟ್ಟಿನಲ್ಲಿ ಗುಲಾಬಿ ಬಣ್ಣದ ಔಷಧದ ನೀರು ಕಲಸಿಕೊಂಡು ಹೋಗಿ, ಅವನ ನಾಲ್ಕೂ ಕಾಲು ತೊಳೆದು, ಹಕ್ಕಳೆಯನ್ನು ಒಂದೊಂದಾಗಿ ಎಬ್ಬಿಸಿ, ಒರೆಸಿ, ಮುಲಾಮು ಹಚ್ಚಿ ಬರುತ್ತಿದ್ದಳು. ಹಲ್ಲಿನ ಡಾಕ್ಟರ ಕೈ, ಸಂದಿಗೊಂದಿ ಬಿಡುವುದಿಲ್ಲ. ಫೆಬ್ರವರಿ ಮುಗಿಯುವ ಹೊತ್ತಿಗೆ ಕಾಲು ಹೂವಿನ ಹಾಗಾಯಿತು.

ಏಪ್ರಿಲ್ ಮೊದಲ ಶನಿವಾರ ವರ್ಷದ ಮೊದಲ ಪಂದ್ಯ. ಐದು ತಿಂಗಳು ಕೆಲಸವಿಲ್ಲದೆ ನಿಂತು ಒಣಹುಲ್ಲು ತಿಂದ ಬಿಷಪ್ ಪೀಪಾಯಿಯಂತಾಗಿದ್ದ. ಜೀನಿನ ಹೊಟ್ಟೆಪಟ್ಟಿ ಎರಡು ತೂತು ಕಡಿಮೆ ಬಿತ್ತು. ಓರ್ನಾ ತನ್ನ ಸವಾರಿಯ ಪ್ಯಾಂಟಿನ ಗುಂಡಿ ಹಾಕಲು ಉಸಿರು ಬಿಗಿಹಿಡಿದಾಗ ಕೋಲ್ಮನ್ ಬಾಗಿಲಿಗೆ ಒರಗಿ ನೋಡುತ್ತಿದ್ದ.

“ಅವನಿಗೆ ಇನ್ನೊಂದ್ ಪಟ್ಟಿ ಹೊಲಿಸ್ಬೇಕು ಅಂತಿದ್ದೆ. ಇಬ್ರಿಗೂ ಸೇರಿಸಿ ಒಂದೇ ಸಲ ಅಳತೆ ಕೊಟ್ಬಿಡೋಣ್ವಾ, ಡಾಕ್ಟ್ರಮ್ಮ?”

“ನಿನ್ನ ಕುರಿಗಳನ್ನ ನೋಡ್ಕೊ ಹೋಗು.”

“ಅವು ಉಣ್ಣೆ ಬಿಚ್ಚಿದ್ರೆ ತೆಳ್ಳಗಿರ್ತವೆ ಕಣಮ್ಮ. ನೀವಿಬ್ರೂ ಏನು ಬಿಚ್ತೀರ?”

ದಿನಾ ಬೆಳಿಗ್ಗೆ ಏಳಕ್ಕೆ ಗಟ್ಟಿ ರಸ್ತೆಯ ಮೇಲೆ ನಡಿಗೆ ಶುರುವಾಯಿತು. ಮೊದಲ ಎರಡು ವಾರ ಬರೀ ನಡಿಗೆ, ಆಮೇಲೆ ಬೆಟ್ಟದ ಏರಿನಲ್ಲಿ ಜಾಗಿಂಗಿನಂಥ ಓಟ. ಲಾಳ ಹೊಡೆಸಿದರು, ಚಳಿಗಾಲದ ದಪ್ಪ ಕೂದಲು ಕತ್ತರಿಸಿದರು. ಎಂಟು ಗಂಟೆಗೆ ಓರ್ನಾ ಕ್ಲಿನಿಕ್ಕಿಗೆ ಬರುವಾಗ ಕೆನ್ನೆ ಕೆಂಪಾಗಿ, ಕುದುರೆಯ ಬೆವರಿನ ವಾಸನೆ ಹೊತ್ತು ಬರುತ್ತಿದ್ದಳು. “ಮಾಸ್ಕು ನಮ್ಮ ರೋಗಿಗಳಿಗೆ ಹಾಕ್ಬೇಕು” ಎಂದು ನಾನು ಹೇಳುತ್ತಿದ್ದೆ.

ಮಾರ್ಚ್ ಮೊದಲ ಭಾನುವಾರ ಬಿಷಪ್‌ನನ್ನು ಹಳ್ಳದ ಹತ್ತಿರ ಕರೆದೊಯ್ದಳು. ಕೋಲ್ಮನ್‌ನ ಹಿಂದಿನ ಹೊಲದ ಅಂಚಿನಲ್ಲಿ ಜಲ್ಲಿಕಲ್ಲಿನ ತಳ, ಮೊಣಕಾಲುದ್ದ ನೀರು. ಪ್ರತಿ ವರ್ಷ ಅಲ್ಲೇ ಅಭ್ಯಾಸ. ಕೋಲ್ಮನ್ ಗೇಟಿನ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದ, ನಾನು ಫ್ಲಾಸ್ಕಿನ ಚಹಾ ಹಿಡಿದು ನಿಂತಿದ್ದೆ.

ಬಿಷಪ್ ದಡಕ್ಕೆ ಬಂದ. ನೀರು ನೋಡಿದ. ನಿಂತ.

ಓರ್ನಾ ಹಿಮ್ಮಡಿ ಒತ್ತಿದಳು. ಅವನು ಕದಲಲಿಲ್ಲ. ಬೈದಳು, ಮುದ್ದಿಸಿದಳು, ಬೆತ್ತದಿಂದ ಮೆಲ್ಲಗೆ ತಟ್ಟಿದಳು. ಅವನು ಬೇರೂರಿದ ಮರವಾದ. ಇನ್ನೊಮ್ಮೆ ಜೋರಾಗಿ ತಟ್ಟಿದ ಕೂಡಲೇ ಮುಂಗಾಲೆರಡನ್ನೂ ಎತ್ತಿ, ಸರಕ್ಕನೆ ತಿರುಗಿ, ಬಂದ ದಾರಿಯಲ್ಲೇ ಹೊರಟುಹೋದ. ಓರ್ನಾ ಮಾತ್ರ ಹೋಗಬೇಕಿದ್ದ ಕಡೆಗೇ ಹೋದಳು. ನೀರಲ್ಲಿ ಕುಕ್ಕರಿಸಿ ಕೂತವಳ ಟೊಪ್ಪಿಗೆಯಿಂದ ಕೆಸರು ಇಳಿಯುತ್ತಿತ್ತು.

ಕೋಲ್ಮನ್ ಅವಸರವಿಲ್ಲದೆ ಬಾಯಲ್ಲಿದ್ದ ತುತ್ತು ನುಂಗಿದ.

“ಬಿಷಪ್ಪೇ ಖುದ್ದಾಗಿ ದೀಕ್ಷಾಸ್ನಾನ ಮಾಡ್ಸಿದ್ದಾನೆ. ಊರಲ್ಲಿ ಎಷ್ಟ್ ಜನಕ್ಕೆ ಸಿಗುತ್ತಮ್ಮಾ ಈ ಭಾಗ್ಯ!”

“ನಗ್ಬೇಡ. ಕೈ ಕೊಡು.” ಎದ್ದು ನಿಂತವಳು ಅವನ ದವಡೆಯನ್ನೇ ದಿಟ್ಟಿಸಿದಳು. “ನೀನು ಎಡಗಡೆ ಅಗಿಯೋದ್ ಬಿಟ್ಟು ಎಷ್ಟ್ ದಿನ ಆಯ್ತು?”

ಕೋಲ್ಮನ್ ಸ್ಯಾಂಡ್‌ವಿಚ್ಚನ್ನು ಜೇಬಿಗೆ ತುರುಕಿಕೊಂಡ. “ನೀನು ಕುದುರೆ ಬಾಯಿ ನೋಡ್ಕೊ.”

“ಕೋಲ್ಮನ್, ಅದು ಕೊಳೀತಾ ಇದೆ.”

“ಕೊಳೀಲಿ. ಹಲ್ಲು ನಂದು.”

ಅವನಿಗೆ ಹತ್ತು ವರ್ಷವಾಗಿದ್ದಾಗ ಶಾಲೆಗೆ ಬಂದ ಯಾರೋ ಹಲ್ಲಿನ ಡಾಕ್ಟರು ಎದೆಯ ಮೇಲೆ ಮೊಣಕಾಲೂರಿ ಎರಡು ಹಲ್ಲು ಕಿತ್ತಿದ್ದರಂತೆ. ಅಂದಿನಿಂದ ಆ ಕುರ್ಚಿಗೆ ಬೆನ್ನು ಕೊಟ್ಟವನಲ್ಲ. ನಮ್ಮ ಕ್ಲಿನಿಕ್ಕಿಗೆ ಅವನು ಮೊಟ್ಟೆ ತಂದುಕೊಡುತ್ತಿದ್ದ, ಬಾಗಿಲ ಹೊರಗೆ ಇಟ್ಟು ಗಂಟೆ ಬಾರಿಸಿ ಓಡುತ್ತಿದ್ದ.

ಅದಾದ ಮೇಲೆ ಒಂದು ವಾರ ಓರ್ನಾ ಏನೇನು ಮಾಡಲಿಲ್ಲ! ಕ್ಯಾರೆಟ್ ತೋರಿಸಿದಳು, ಹಿಂದಿನಿಂದ ಕಸಬರಿಗೆ ಬೀಸಲು ನನಗೆ ಹೇಳಿದಳು. ನಾನು ಬೀಸಿದೆ. ಬಿಷಪ್ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ನನ್ನ ಬಗ್ಗೆ ಅವನಿಗೆ ಬೇಸರವಾಗಿತ್ತು. ಎಂಟನೆಯ ದಿನ ಕೋಲ್ಮನ್ ಗೇಟಿನಿಂದ ಇಳಿದು ಬಂದ.

“ಇಳಿ ಕೆಳಗೆ. ಆ ಹಗ್ಗ ಕೊಡು ಇಲ್ಲಿ. ನೀನು ಹೋಗಿ ಆ ಗೋಡೆ ಹಿಂದೆ ನಿಂತ್ಕೊ.”

“ಯಾಕೆ?”

“ನಿಂತ್ಕೊ ಅಂದ್ರೆ ನಿಂತ್ಕೊ.”

ಓರ್ನಾ ಕಲ್ಲುಗೋಡೆಯ ಹಿಂದೆ ಹೋದಳು. ಕೋಲ್ಮನ್ ಗಂಬೂಟಿನಲ್ಲಿ, ಹಗ್ಗವನ್ನು ಸಡಿಲವಾಗಿ ಹಿಡಿದು, ಹಿಂದಿರುಗಿ ನೋಡದೆ ನೀರಿಗಿಳಿದ. ಬಿಷಪ್ ಒಂದು ಕ್ಷಣ ಹಿಂಜರಿದ, ಮೂಸಿದ, ಆಮೇಲೆ ಅವನ ಹಿಂದೆಯೇ ಇಳಿದು ಹಳ್ಳದ ನಡುವೆ ನಿಂತು ನೀರು ಕುಡಿದ. ಓರ್ನಾ ಖುಷಿಯಿಂದ ಗೋಡೆಯ ಹಿಂದಿನಿಂದ ಓಡಿ ಬಂದಳು. ಅವಳನ್ನು ಕಂಡದ್ದೇ ತಡ, ಬಿಷಪ್ ಮುಂಗಾಲನ್ನು ನೀರಿನಿಂದ ಮೇಲಕ್ಕೆಳೆದು, ಕಿವಿ ಹಿಂದಕ್ಕೆ ಮಲಗಿಸಿ, ಆಚೆ ದಡಕ್ಕೆ ಹತ್ತಿಬಿಟ್ಟ.



“ಅವನಿಗೆ ನೀರಿನ ಭಯ ಇಲ್ಲ, ಡಾಕ್ಟ್ರಮ್ಮ” ಎಂದ ಕೋಲ್ಮನ್. ಅವನ ದನಿಯಲ್ಲಿ ಈಗ ಕೀಟಲೆ ಇರಲಿಲ್ಲ. “ನೀನೂ ನೀರೂ ಒಟ್ಟಿಗೆ ಇದ್ರೆ ಭಯ. ಐದ್ ತಿಂಗ್ಳು ನೀನು ಬಕೆಟ್ ತಂದಾಗೆಲ್ಲ ಅವನ ಕಾಲು ಉರೀತಿತ್ತಲ್ಲ.”

ಓರ್ನಾ “ಸರಿ” ಎಂದಳು. ಕುದುರೆಯನ್ನು ಲಾಯಕ್ಕೆ ಕರೆದೊಯ್ಯಲು ಅವನಿಗೇ ಬಿಟ್ಟು ಕಾರು ಹತ್ತಿದಳು.

ಮರುದಿನ ಕ್ಲಿನಿಕ್ಕಿನಲ್ಲಿ ಐದು ವರ್ಷದ ಹುಡುಗಿಯೊಂದು ಕೂಗಿದ ಕೂಗಿಗೆ ಎದುರಿನ ಬೇಕರಿಯವನು ಹೊರಗೆ ಬಂದು ನೋಡಿದ. ಓರ್ನಾ ಇನ್ನೂ ಕನ್ನಡಿ ಕೂಡ ಕೈಗೆತ್ತಿಕೊಂಡಿರಲಿಲ್ಲ. ಹನ್ನೊಂದರ ಚಹಾದ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಕೂತು, ಬಿಸ್ಕತ್ತು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತ ಕೇಳಿದಳು:

“ಬ್ರೀಡಾ, ನಾನು ಅಷ್ಟೊಂದು ಹೆದರಿಸ್ತೀನಾ?”

“ಬಿಲ್ಲು ಕೊಡೋವಾಗ ಮಾತ್ರ” ಎಂದು ನಕ್ಕೆ. ಅವಳು ನಗಲಿಲ್ಲ.

“ಊರೆಲ್ಲ ಹೆದರ್ಲಿ ಬಿಡು, ಅದು ಕೆಲ್ಸ. ಸಂಜೆ ಆದ್ರೆ ಬಿಷಪ್ ಒಬ್ಬ ನನ್ ಹೆಜ್ಜೆ ಸದ್ದಿಗೆ ಲಾಯದಿಂದ ಕತ್ತು ಹೊರಗೆ ಹಾಕ್ತಾನೆ ಅಂತ ಇತ್ತು. ಚಳಿಗಾಲ ಪೂರ್ತಿ ಹಾಕೇ ಇರ್ಲಿಲ್ಲ ಕಣೆ. ನಾನು ಗಮನಿಸ್ಲೇ ಇಲ್ಲ. ಬಗ್ಗಿ ಕಾಲು ನೋಡ್ತಿದ್ದೆ.”

ಅವಳ ಕಪ್ಪಿಗೆ ಇನ್ನಷ್ಟು ಚಹಾ ಸುರಿದೆ.

ಆ ವಾರದ ಕೊನೆಗೆ ಕೋಲ್ಮನ್‌ನ ಎಡಗೆನ್ನೆ ದೊಡ್ಡ ಗೆಡ್ಡೆಕೋಸಿನ ಹಾಗೆ ಊದಿತು. ಎರಡು ದಿನ ಮಫ್ಲರ್ ಸುತ್ತಿಕೊಂಡು ಓಡಾಡಿದ. ಸೋಮವಾರ ಸಂಜೆ ಐದೂವರೆಗೆ, ಕೊನೆಯ ರೋಗಿ ಹೋದ ಮೇಲೆ, ಕ್ಲಿನಿಕ್ಕಿನ ಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಕೋಲ್ಮನ್. ಕೈಯಲ್ಲಿ ಮೊಟ್ಟೆ ಇರಲಿಲ್ಲ, ಓಡಿಯೂ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತಿದ್ದ, ಒಳಗೆ ಬರಲಾಗದೆ.

ಓರ್ನಾ ಅವನನ್ನು ನೋಡಿ, ನನ್ನ ಕಿವಿಯಲ್ಲಿ ಹೇಳಿದಳು: “ಎಲ್ಲಾ ಸಾಮಾನೂ ಡ್ರಾಯರ್ ಒಳಗಿಡು. ದೊಡ್ಡ ದೀಪ ಆರಿಸು. ಹೊರಬಾಗ್ಲು ತೆರೆದೇ ಇರ್ಲಿ.” ತಾನು ಮಾಸ್ಕು, ಬಿಳಿ ಅಂಗಿ ತೆಗೆದಿಟ್ಟು, ಸ್ವೆಟರಿನಲ್ಲಿ ಕಾಯುವ ಕೋಣೆಗೆ ಹೋಗಿ ಬೆಂಚಿನ ಒಂದು ತುದಿಯಲ್ಲಿ ಕೂತಳು. ಅವನ ಬಾಯಿಯ ಸುದ್ದಿಯನ್ನೇ ಎತ್ತಲಿಲ್ಲ. “ಎಷ್ಟ್ ಮರಿ ಆದ್ವು ಈ ವರ್ಷ?” ಎಂದಳು. ಕೋಲ್ಮನ್ ಹೊಸ್ತಿಲಿನಿಂದಲೇ ಉತ್ತರಿಸಿದ. ಹತ್ತು ನಿಮಿಷಕ್ಕೆ ಒಳಗೆ ಬಂದ. ಇಪ್ಪತ್ತು ನಿಮಿಷಕ್ಕೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಆ ದಿನ ಅವಳು ಕೊಟ್ಟದ್ದು ಬಾವು ಇಳಿಯುವ ಮಾತ್ರೆ ಮಾತ್ರ.

ಬುಧವಾರ ಮತ್ತೆ ಬಂದ. ಅಂದು ಕುರ್ಚಿಯಲ್ಲಿ ಕೂತ, ಕೋಟು ಬಿಚ್ಚದೆ, ಕಣ್ಣು ಬಾಗಿಲ ಮೇಲಿಟ್ಟು. “ಯಾವಾಗ ಬೇಕಾದ್ರೂ ಎದ್ ಹೋಗು” ಎಂದಳು ಓರ್ನಾ. ಅವನು ಎರಡು ಸಲ ಎದ್ದು ಹೋದ, ಎರಡು ಸಲವೂ ಮೆಟ್ಟಿಲ ತನಕ ಹೋಗಿ ವಾಪಸು ಬಂದ. ಬಾಯಿ ತೆರೆದು ತೋರಿಸಿದ. ಶನಿವಾರ ಬೆಳಿಗ್ಗೆ ಹಲ್ಲು ಹೊರಗೆ ಬಂತು. ಮರಗಟ್ಟಿಸುವ ಸೂಜಿ ಚುಚ್ಚುವಾಗ ನನ್ನ ಕೈಬೆರಳು ಮುರಿಯುವಷ್ಟು ಹಿಚುಕಿದ್ದನ್ನು ಬಿಟ್ಟರೆ ಒಂದು ಹುಂ ಎನ್ನಲಿಲ್ಲ.

ಹತ್ತಿಯುಂಡೆ ಕಚ್ಚಿಕೊಂಡೇ, ಜೋತುಬಿದ್ದ ತುಟಿಯಲ್ಲಿ ಮಾತು ಶುರುಮಾಡಿದ:

“ನನ್ನಂಥ ಮುದಿ ಟಗರಿಗೆ ವಾರ ಪೂರ್ತಿ ಬಾಗ್ಲು ತೆಗೆದಿಟ್ಟು ಕಾದೆ. ಅಲ್ವಾ?”

“ಮಾತಾಡ್ಬೇಡ. ರಕ್ತ ಬರುತ್ತೆ.”

“ಬರ್ಲಿ. ಆ ಬಡಪಾಯಿಗ್ಯಾಕೆ ಮೊದಲ್ನೇ ದಿನಾನೇ ಬೆತ್ತ ತಗೊಂಡ್ ಹೋದೆ?”

ಓರ್ನಾ ಇಕ್ಕಳದಲ್ಲಿ ಹಲ್ಲು ಹಿಡಿದುಕೊಂಡು ಹಾಗೇ ನಿಂತಳು. ಆಮೇಲೆ ಅದನ್ನು ಟ್ರೇಗೆ ಹಾಕಿ, “ಪಂದ್ಯಕ್ಕೆ ಎರಡು ವಾರ ಇದೆ” ಎಂದಳು.

ಅಂದು ಸಂಜೆಯೇ ಶುರುವಾಯಿತು. ಹಳ್ಳದ ಪಕ್ಕದ ಹೊಲಕ್ಕೆ ಬಿಷಪ್‌ನನ್ನು ಹಗ್ಗವಿಲ್ಲದೆ ಬಿಟ್ಟರು. ಓರ್ನಾ ಮೀನು ಹಿಡಿಯುವವರ ಉದ್ದ ರಬ್ಬರು ಬೂಟು ತೊಟ್ಟು, ಹಳ್ಳದ ನಡುವೆ ಅವನಿಗೆ ಬೆನ್ನು ಹಾಕಿ ನಿಂತು, ನಮ್ಮ ಜಿಲ್ಲೆಯ ವಾರಪತ್ರಿಕೆ ಓದತೊಡಗಿದಳು. ಜೋರಾಗಿಯೇ ಓದುತ್ತಿದ್ದಳು: ಕುರಿಸಂತೆಯ ಸುದ್ದಿ, ಮರಣವಾರ್ತೆ, ಪಂಚಾಯಿತಿಯವರು ರಸ್ತೆ ಗುಂಡಿ ಮುಚ್ಚದ ಬಗ್ಗೆ ಪತ್ರ.

“ಇವಳ ದನಿಗೆ ಮೀನೂ ಊರು ಬಿಡ್ತವೆ” ಎಂದ ಕೋಲ್ಮನ್, ಗೋಡೆಯ ಹಿಂದಿನಿಂದ, ಮೆಲ್ಲಗೆ.

ಮೊದಲ ಮೂರು ದಿನ ಬಿಷಪ್ ಹೊಲದ ಆಚೆ ತುದಿ ಬಿಟ್ಟು ಬರಲಿಲ್ಲ. ನೀರು ಕೊರೆಯುತ್ತಿತ್ತು. ಓರ್ನಾ ಬೆಳಿಗ್ಗೆ ರೋಗಿಗಳ ನಡುವೆ ಸೀನುತ್ತಿದ್ದಳು. ನಾಲ್ಕನೆಯ ದಿನ ಅವನ ಕಿವಿ ಅವಳ ಕಡೆ ತಿರುಗಿತು. ಆರನೆಯ ದಿನ ದಡದವರೆಗೆ ಬಂದು ಮೂಸಿ ಹೋದ. ಎಂಟನೆಯ ದಿನ, ಅವಳು ಯಾರದ್ದೋ ಹೊಲಿಗೆ ಯಂತ್ರ ಮಾರಾಟಕ್ಕಿದೆ ಎಂದು ಓದುತ್ತಿರುವಾಗ, ಒಂದು ಗೊರಸು ನೀರಿಗಿಟ್ಟ. ನಾನು “ಓರ್ನಾ!” ಎಂದು ಕೂಗಲು ಬಾಯಿ ತೆರೆದೆ. ಕೋಲ್ಮನ್‌ನ ಕುರಿ ವಾಸನೆಯ ಅಂಗೈ ನನ್ನ ಬಾಯಿ ಮುಚ್ಚಿತು.

ಅವಳಿಗೆ ಸದ್ದು ಕೇಳಿಸಿತ್ತು. ಆದರೂ ತಿರುಗಲಿಲ್ಲ. ಓದುತ್ತಲೇ ಇದ್ದಳು. ಎರಡನೆಯ ಗೊರಸು, ಮೂರನೆಯದು. ಬಿಷಪ್ ಅವಳ ಬೆನ್ನ ಹಿಂದೆ ಬಂದು ನಿಂತು, ಭುಜದ ಮೇಲಿನಿಂದ ಕತ್ತು ಚಾಚಿ, ಪತ್ರಿಕೆಯ ಮೂಲೆ ಕಚ್ಚಿ ಎಳೆದ. ಮರಣವಾರ್ತೆಯ ಅರ್ಧ ಪುಟ ಅವನ ಬಾಯಿಗೆ ಹೋಯಿತು.

ಓರ್ನಾ ಅವನ ಮೂಗನ್ನು ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ನಿಂತಳು. ನಾವಿಬ್ಬರೂ ಗೋಡೆಯ ಹಿಂದೆ ಕೂತುಬಿಟ್ಟೆವು. ಕೋಲ್ಮನ್ ಕಣ್ಣೊರೆಸಿಕೊಂಡು, “ಗಾಳಿ” ಎಂದ. ಗಾಳಿ ಇರಲಿಲ್ಲ.

ಪಂದ್ಯದ ದಿನ ಎಳೆಬಿಸಿಲು, ನೆಲ ಮಾತ್ರ ಇನ್ನೂ ಹಿಟ್ಟು ನಾದಿದ ಹಾಗೆ ಮೆತ್ತಗೆ. ಬೆಳಗಿನ ನಡಿಗೆಯ ಪರೀಕ್ಷೆಯಲ್ಲಿ ಬಿಷಪ್ ತನ್ನ ಹೆಸರಿಗೆ ತಕ್ಕಂತೆ ನಡೆದ, ತೀರ್ಪುಗಾರರು ‘ಇನ್ನಷ್ಟು ಲವಲವಿಕೆ ಬೇಕು’ ಎಂದು ಬರೆದರು. ಹಾರುವಾಗ ಒಂದು ಕಂಬ ಬಿತ್ತು. ಕೋಲ್ಮನ್ ಮತ್ತು ನಾನು ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಹಿಡಿದು ಬಯಲಿನ ನೀರಿನ ಕೊಳದ ಪಕ್ಕ ಹೋಗಿ ನಿಂತೆವು. ಅಲ್ಲಿ ಮಡಿಸುವ ಕುರ್ಚಿಯಲ್ಲಿ ಕೂತ ಮಹಿಳೆಯೊಬ್ಬರು ಯಾವ ಕುದುರೆ ನಿಂತಿತು, ಯಾವುದು ದಾಟಿತು ಎಂದು ಗುರುತು ಹಾಕುತ್ತಿದ್ದರು.

ಗುಡ್ಡದ ತಿರುವಿನಲ್ಲಿ ಓರ್ನಾ ಕಂಡಳು. ಬಿಷಪ್ ಚೆನ್ನಾಗಿಯೇ ಓಡಿ ಬರುತ್ತಿದ್ದ, ಕೊಳದ ಅಂಚಿಗೆ ಬಂದ. ನಿಂತ.

ಮಹಿಳೆ ಕಾಗದದ ಮೇಲೆ ಒಂದು ಗೆರೆ ಎಳೆದರು. ಇಪ್ಪತ್ತು ಅಂಕ ಹೋಯಿತು. ನಾನು ಓರ್ನಾಳ ಕೈ ನೋಡಿದೆ. ಬೆತ್ತ ಅವಳ ಬೂಟಿನ ಪಕ್ಕ ಅಲುಗಾಡದೆ ಇತ್ತು. ಅವಳು ಅವನನ್ನು ಸುತ್ತು ತಿರುಗಿಸಿ ಮತ್ತೆ ಎದುರಿಗೆ ತಂದಳು. ಲಗಾಮು ಸಡಿಲ ಬಿಟ್ಟಳು. ಆಮೇಲೆ ದನಿಯೆತ್ತಿ, ಅಷ್ಟು ಜನರ ಮುಂದೆ, ಕುರಿಸಂತೆಯ ಸುದ್ದಿ ಓದತೊಡಗಿದಳು, ಬಾಯಿಪಾಠವಾಗಿತ್ತಲ್ಲ.

“ಮಂಗಳವಾರ ಸಂತೆಗೆ ಮುನ್ನೂರು ಕುರಿ ಬಂದಿದ್ವು. ಬೇಡಿಕೆ ಚೆನ್ನಾಗಿತ್ತು…”

ಬಿಷಪ್‌ನ ಕಿವಿ ಹಿಂದಕ್ಕೆ, ಅವಳ ಕಡೆಗೆ ಹೊರಳಿತು. ಒಂದು ಹೆಜ್ಜೆ ಇಟ್ಟ. ಇನ್ನೊಂದು. ಗಂಭೀರವಾಗಿ, ಮೆರವಣಿಗೆಯಲ್ಲಿ ನಡೆಯುವ ಹಾಗೆ ನೀರಿಗಿಳಿದ. ಕೊಳದ ನಡುವೆ ಹೋದವನೇ ಕತ್ತು ಬಗ್ಗಿಸಿ ನೀರು ಕುಡಿಯತೊಡಗಿದ.

“ಮೇಡಂ, ಗಡಿಯಾರ ಓಡ್ತಾ ಇದೆ!” ಎಂದು ಹಗ್ಗದಾಚೆಯಿಂದ ಯಾರೋ ಕೂಗಿದರು.

“ಓಡ್ಲಿ ಬಿಡಿ, ಅದಕ್ಕೆ ಬಾಯಾರಿಕೆ ಆಗಲ್ಲ” ಎಂದಳು ಓರ್ನಾ. ಜನ ನಕ್ಕರು. ಗುರುತು ಹಾಕುವ ಮಹಿಳೆಯೂ ನಕ್ಕು ಪೆನ್ನು ಬೀಳಿಸಿಕೊಂಡರು. ಅವನು ಸಾಕಷ್ಟು ಕುಡಿದು, ತುಟಿ ಜಾಡಿಸಿ, ಆಚೆ ದಡದ ದಿಮ್ಮಿಯನ್ನು ಹಾರಿ ಹೊರಟ. ಉಳಿದ ಆರು ಬೇಲಿಗಳನ್ನೂ ತಪ್ಪಿಲ್ಲದೆ ದಾಟಿದನೆಂದು ಆಮೇಲೆ ತಿಳಿಯಿತು.

ಮೂವತ್ತನಾಲ್ಕು ಕುದುರೆಗಳಲ್ಲಿ ಮೂವತ್ತೊಂದನೆಯ ಸ್ಥಾನ. ಫಲಿತಾಂಶದ ಹಲಗೆಯನ್ನು ಕೋಲ್ಮನ್ ಕೆಳಗಿನಿಂದ ಓದಿದ, ಹಾಗೆ ಓದಿದರೆ ಬೇಗ ಸಿಗುತ್ತದೆ ಎಂದು.

“ಹಿಂದೆ ಮೂರು ಜನ ಇದಾರೆ ಡಾಕ್ಟ್ರಮ್ಮ.”

“ಅವರು ಯಾರು?”

“ಇಬ್ರು ಬಿದ್ರು. ಇನ್ನೊಬ್ಳು ದಾರಿ ತಪ್ಪಿದ್ಲಂತೆ.”

ಓರ್ನಾ ಟ್ರೇಲರಿನ ಮೆಟ್ಟಿಲ ಮೇಲೆ ಕೂತಿದ್ದಳು. ಬಿಷಪ್ ಅವಳ ಪಕ್ಕದಲ್ಲಿ ಹೊದಿಕೆ ಹೊದ್ದು, ಒಂದು ಹಿಂಗಾಲು ಸಡಿಲಿಸಿ ತೂಕಡಿಸುತ್ತಿದ್ದ. ಅವಳು ಆಗಲೇ ಮುಂದಿನ ಪಂದ್ಯದ ಅರ್ಜಿಯನ್ನು ಮೊಣಕಾಲ ಮೇಲಿಟ್ಟು ತುಂಬುತ್ತಿದ್ದಳು. ತಲೆಯೆತ್ತಿ ನನ್ನನ್ನು ಕೇಳಿದಳು:

“ಬ್ರೀಡಾ, ನಿಜ ಹೇಳು. ಆ ನೀರಿಂದ ಆಚೆ ಬಂದಾಗ ನಾನು ಹಲ್ಲು ಕಿರೀತಿದ್ನಾ?”

“ಗೊತ್ತಾಗ್ಲಿಲ್ಲ ಕಣೆ” ಎಂದೆ. “ಮುಖ ಪೂರ್ತಿ ಕೆಸರಿತ್ತು.”